ಮೂರು ಮತ್ತು ಆರು ವರ್ಷದ ಮಕ್ಕಳ ಜೊತೆ ಬಂಕಾಪುರ ನವಿಲುಧಾಮ: ಹೋಗಬಹುದಾ?

ವಿದ್ಯಾನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಹುಬ್ಬಳ್ಳಿ ವಿದ್ಯಾನಗರದಲ್ಲಿ. ಮಗಳಿಗೆ ಆರು ವರ್ಷ, ಮಗನಿಗೆ ಈಗಷ್ಟೇ ಮೂರು ತುಂಬಿದೆ. ಇಬ್ಬರಿಗೂ ಹಕ್ಕಿ, ಹುಳ, ಕಪ್ಪೆ ಅಂದರೆ ಜೀವ. ಹಿತ್ತಲಿನ ನುಗ್ಗೆ ಗಿಡಕ್ಕೆ ಅಳಿಲು ಬಂದರೆ ತಟ್ಟೆ ಬಿಟ್ಟು ಓಡುತ್ತಾರೆ.

ಹೋದ ರಜೆಯಲ್ಲಿ ಒಂದು ದೊಡ್ಡ ಕಾಡಿಗೆ ಸಫಾರಿಗೆ ಹೋಗಿದ್ದೆವು. ನಸುಕಿನಲ್ಲೇ ಎಬ್ಬಿಸಿ ಜೀಪಿನಲ್ಲಿ ಕೂರಿಸಿದೆವು. ಕೆಳಗೆ ಇಳಿಯುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗಿಲ್ಲ. ಸಣ್ಣವನು ಅತ್ತು ಅತ್ತು ನಿದ್ದೆ ಹೋದ. ಈ ಸಲ ಹತ್ತಿರದ, ಚಿಕ್ಕ ಜಾಗ ಬೇಕು. ಮಕ್ಕಳು ತಮ್ಮ ಕಾಲ ಮೇಲೆ ಅಡ್ಡಾಡುವಂತಿರಬೇಕು.

ಯಜಮಾನರು ಬಂಕಾಪುರದ ನವಿಲುಧಾಮ ಅನ್ನುತ್ತಿದ್ದಾರೆ. ಅವರಿಗೆ ಭಾನುವಾರ ಮಾತ್ರ ರಜೆ. ಅತ್ತೆಯವರೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು. ನನ್ನ ಚಿಂತೆ ಇಷ್ಟು: ಮಳೆ ಶುರುವಾಗಿದೆ, ಈಗ ಹೋಗಬಹುದಾ? ಮಗ ಏನು ಕಂಡರೂ ಬೆನ್ನಟ್ಟಿ ಓಡುತ್ತಾನೆ, ಅವನನ್ನು ಹೇಗೆ ಹಿಡಿಯುವುದು? ಹಾವಿನ ಭಯ ಇದೆಯಾ? ಮಗಳಂತೂ "ನವಿಲು ಕುಣಿಯೋದನ್ನ ನೋಡಲೇಬೇಕು" ಅಂತ ಕೂತಿದ್ದಾಳೆ. ಕುಣಿಯದೇ ಇದ್ದರೆ ಏನು ಹೇಳಲಿ? ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ತಿಳಿಸಿ.

ಶಿಗ್ಗಾವಿ ಅಕ್ಕೋರು

ತಂಗಿ, ಧಾರಾಳವಾಗಿ ಹೋಗಿ ಬನ್ನಿ. ನಾನು ಶಿಗ್ಗಾವಿ ತಾಲೂಕಿನವಳು. ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಕಲಿಸಿ ಈಗ ನಿವೃತ್ತಿಯಾಗಿದ್ದೇನೆ. ಮೊದಲು ಶಾಲೆಯ ಮಕ್ಕಳನ್ನು, ಈಗ ಮೊಮ್ಮಕ್ಕಳನ್ನು ನವಿಲುಧಾಮ ಇರುವ ಆ ಕೋಟೆಯೊಳಗೆ ಅಡ್ಡಾಡಿಸುತ್ತಾ ಬಂದಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಮಗಳ ವಿಷಯ. ಕುಣಿತ ತೋರಿಸುತ್ತೇನೆ ಅಂತ ಮಾತು ಕೊಡಬೇಡಿ. "ನವಿಲು ಇರುವ ಊರಿಗೆ ಹೋಗೋಣ, ಅವು ಬೆಳಿಗ್ಗೆ ಏನೇನು ಮಾಡುತ್ತವೆ ನೋಡೋಣ" ಅನ್ನಿ. ಈ ಎರಡು ಮಾತಿಗೆ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ನಂಬಿ ಬಂದ ಮಗು ಗರಿ ಬಿಚ್ಚಿದ ನವಿಲನ್ನು ಮಾತ್ರ ಹುಡುಕುತ್ತದೆ. ಮಣ್ಣು ಕೆದರುವ ಹೆಣ್ಣು ನವಿಲು ಹತ್ತು ಮಾರು ದೂರದಲ್ಲೇ ಇದ್ದರೂ ಅದಕ್ಕೆ ಬೇಡ. ಎರಡನೆಯದನ್ನು ಕೇಳಿ ಬಂದ ಮಗುವಿಗೆ ಎಲ್ಲವೂ ಬೇಕು. ಇದನ್ನು ನಾನು ತರಗತಿ ತರಗತಿಯಲ್ಲೂ ನೋಡಿದ್ದೇನೆ.

ಹಾಗಂತ ಕುಣಿತ ಕಾಣುವುದೇ ಇಲ್ಲ ಅಂತಲ್ಲ. ನೀವು ಕೇಳುತ್ತಿರುವುದು ಸರಿಯಾದ ಕಾಲದಲ್ಲೇ. ಮುಂಗಾರಿನ ಆಸುಪಾಸು ಅವುಗಳ ಜೋಡಿಯಾಗುವ ಕಾಲ. ಗಂಡು ತನ್ನದೇ ಒಂದು ಬಯಲು ಜಾಗ ಹಿಡಿದುಕೊಂಡು ಅಲ್ಲೇ ಮತ್ತೆ ಮತ್ತೆ ಗರಿ ಬಿಚ್ಚುತ್ತದೆ. ಗಾಳಿ ನಿಂತಿದ್ದರೆ ಗರಿ ಅದುರುವ ಸಪ್ಪಳವೂ ಕೇಳಿಸುತ್ತದೆ, ಮಗಳಿಗೆ ಕಿವಿಗೊಟ್ಟು ಕೇಳಲು ಹೇಳಿ. ಅದು ಹಿಂದಕ್ಕೆ ತಿರುಗಿದಾಗ ಇನ್ನೊಂದು ತೋರಿಸಿ. ನಾವು ಬಾಲ ಅಂದುಕೊಂಡಿರುವ ಉದ್ದ ಗರಿಗಳು ಬಾಲವಲ್ಲ, ಬೆನ್ನಿನ ಕೆಳಗಿನವು. ನಿಜವಾದ ಬಾಲ ಗಿಡ್ಡ, ಕಂದು ಬಣ್ಣದ್ದು. ಅದು ಹಿಂದಿನಿಂದ ಆ ದೊಡ್ಡ ಗರಿಗಳಿಗೆ ಆಸರೆ ಕೊಟ್ಟು ಎತ್ತಿ ನಿಲ್ಲಿಸುತ್ತದೆ. ಆರು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮನೆಗೆ ಬಂದು ಅಜ್ಜಿಗೆ ತಾನೇ ಪಾಠ ಹೇಳುತ್ತಾಳೆ ನೋಡಿ.

ಮಳೆಗಾಲ ಮುಗಿಯುತ್ತಾ ಬಂದಂತೆ ಗಂಡಿನ ಉದ್ದ ಗರಿಗಳು ಉದುರುತ್ತವೆ. ದಸರಾ, ದೀಪಾವಳಿ ರಜೆಗೆ ಬಂದವರು "ಎಲ್ಲಾ ಹೆಣ್ಣೇ ಇವೆಯಲ್ಲ" ಅಂತ ಕೇಳುವುದು ಅದಕ್ಕೇ. ಗಂಡಿನ ಕುತ್ತಿಗೆ ಆಗಲೂ ನೀಲಿಯೇ ಇರುತ್ತದೆ, ಅದನ್ನು ನೋಡಿ ಗುರುತಿಸಬಹುದು. ಗರಿ ಮತ್ತೆ ಬೆಳೆಯುತ್ತದೆ. ಗಂಡು ಮರಿಗೆ ಪೂರ್ತಿ ಗರಿ ಬರಲು ಸುಮಾರು ಮೂರು ವರ್ಷ ಬೇಕು.

ಜಾಗದ ಬಗ್ಗೆ ಹೇಳಬೇಕೆಂದರೆ, ಅದು ಹಳೆಯ ಕೋಟೆ. 2006ರಲ್ಲಿ ನವಿಲು ಸಂರಕ್ಷಣಾ ಮೀಸಲು ಅಂತ ಘೋಷಣೆಯಾಯಿತು. ಒಟ್ಟು 139 ಎಕರೆ, ಅಷ್ಟೇ. ಸುತ್ತ ಕಂದಕ, ಅದರ ತುಂಬ ಜಾಲಿ ಮತ್ತು ಮುಳ್ಳಿನ ಪೊದೆ. ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವೂ ಇದೆ. ಅಡಗಲು ಪೊದೆ, ರಾತ್ರಿ ಕೂರಲು ಎತ್ತರದ ಮರ, ಕಾಳು ಹುಳ ಹೆಕ್ಕಲು ಬಯಲು, ಎಲ್ಲವೂ ಒಂದೇ ಕಡೆ ಸಿಗುವುದರಿಂದ ನವಿಲು ಅಲ್ಲಿ ನೆಲೆ ನಿಂತಿವೆ. ಜಾಗ ಚಿಕ್ಕದು ಅನ್ನುವುದೇ ನಿಮ್ಮಂಥವರಿಗೆ ದೊಡ್ಡ ಅನುಕೂಲ. ಮಗು ಸುಸ್ತಾಯಿತು ಅಂದರೆ ತಿರುಗಿ ಬರಲು ದೂರವಿಲ್ಲ. ಎಲ್ಲ ಮೂಲೆಯನ್ನೂ ನೋಡಲೇಬೇಕು ಅಂತ ಹಟ ಹಿಡಿಯಬೇಡಿ.

ಬೆಳಿಗ್ಗೆ ಏಳರ ಒಳಗೆ ಅಲ್ಲಿರಿ. ನವಿಲು ಮರದಿಂದ ಇಳಿದು ಬಯಲಿಗೆ ಬರುವ ಹೊತ್ತು ಅದು. ಬಿಸಿಲು ಏರಿದರೆ ಪೊದೆ ಸೇರುತ್ತವೆ, ಆಮೇಲೆ ಸಂಜೆಯೇ ಸೈ. ಎರಡು ತಾಸು ಸಾಕು. ಒಳಗೆ ಹೋದ ಕೂಡಲೇ ನಡೆಯಲು ಶುರು ಮಾಡಬೇಡಿ. ಎಲ್ಲಾದರೂ ನೆರಳಿನಲ್ಲಿ ಚಾದರ ಹಾಸಿ ಕೂತುಬಿಡಿ. ಮಕ್ಕಳಿಗೆ ಕಣ್ಣು ಮುಚ್ಚಲು ಹೇಳಿ, ಹೊಸ ಸಪ್ಪಳ ಕೇಳಿದಾಗೆಲ್ಲ ಒಂದು ಬೆರಳು ಎತ್ತಬೇಕು. ನವಿಲಿನ ಕೂಗು ಮೊದಲು ಬರುತ್ತದೆ. ಆಮೇಲೆ ಗಿಳಿ, ಕೆಂಬೂತ, ಹಿಂಡು ಕಟ್ಟಿಕೊಂಡು ಗದ್ದಲ ಮಾಡುವ ಹರಟೆಮಲ್ಲ. ಮೂರು ವರ್ಷದವನು ಕಣ್ಣು ತೆರೆದೇ ಬೆರಳು ಎತ್ತುತ್ತಾನೆ, ಎತ್ತಲಿ ಬಿಡಿ. ಈ ಆಟ ಮುಗಿಯುವಷ್ಟರಲ್ಲಿ ನೀವೂ ಗದ್ದಲ ನಿಲ್ಲಿಸಿರುತ್ತೀರಿ, ಹಕ್ಕಿಗಳೂ ನಿಮ್ಮ ಭಯ ಬಿಟ್ಟಿರುತ್ತವೆ.

ಈಗ ಓಡುವ ವಿಷಯ. "ಓಡಬೇಡ" ಅಂದರೆ ಆ ವಯಸ್ಸಿನ ಮಗುವಿಗೆ ಓಡು ಅನ್ನುವುದಷ್ಟೇ ಕೇಳಿಸುತ್ತದೆ. ಕಾರಣ ಹೇಳಿ. ಹೆಣ್ಣು ನವಿಲು ಮರದಲ್ಲಿ ಗೂಡು ಕಟ್ಟುವುದಿಲ್ಲ. ಪೊದೆಯ ಬುಡದಲ್ಲಿ ನೆಲವನ್ನೇ ಸ್ವಲ್ಪ ಕೆದರಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಸುಮಾರು 28 ದಿನ ಒಬ್ಬಳೇ ಕಾವು ಕೊಡಬೇಕು, ಗಂಡು ಹತ್ತಿರವೂ ಬರುವುದಿಲ್ಲ. ನಾವು ಬೆನ್ನಟ್ಟಿದರೆ ಅದು ಎದ್ದು ಓಡುತ್ತದೆ, ಆ ಹೊತ್ತಿಗೆ ನಾಯಿಯೋ ಕಾಗೆಯೋ ಮೊಟ್ಟೆ ನೋಡಿಬಿಡುತ್ತದೆ. "ಅವ್ವ ನವಿಲು ಮೊಟ್ಟೆ ಕಾಯುತ್ತಾ ಕೂತಿದೆ" ಅಂದರೆ ಮಕ್ಕಳಿಗೆ ಸಾಕು. ನನ್ನ ತರಗತಿಯ ತೀರಾ ತುಂಟರೂ ಆ ಮಾತಿಗೆ ಬೆರಳ ತುದಿಯ ಮೇಲೆ ನಡೆದಿದ್ದಾರೆ. ಜೊತೆಗೆ ಮಗನ ಕೈಗೆ ಒಂದು ಕೆಲಸ ಕೊಡಿ. ನೀರಿನ ಬಾಟಲಿ ಹೊರುವುದು ಅವನ ಜವಾಬ್ದಾರಿ ಅನ್ನಿ.

ಮತ್ತೆ, ದಯವಿಟ್ಟು ಚುರುಮುರಿ ಎಸೆದು ನವಿಲನ್ನು ಹತ್ತಿರ ಕರೆಯಬೇಡಿ. ಕೆಲವರು ಮಕ್ಕಳ ಖುಷಿಗೆ ಅಂತ ಹಾಗೆ ಮಾಡುತ್ತಾರೆ, ನೋಡಿದರೆ ನನಗೆ ಸಂಕಟವಾಗುತ್ತದೆ. ಮನುಷ್ಯರ ಕೈ ಕಾಯುವುದನ್ನು ಕಲಿತ ನವಿಲು ನಾಳೆ ರಸ್ತೆಗೂ ಬರುತ್ತದೆ.

ಹಾವು ಇದ್ದೇ ಇರುತ್ತವೆ. ಹಳೆಯ ಕೋಟೆ, ಕಲ್ಲು, ಪೊದೆ ಅಂದಮೇಲೆ ಇರದೆ ಇರುತ್ತವೆಯೇ? ಹಾದಿ ಬಿಟ್ಟು ಹುಲ್ಲಿಗೆ ಇಳಿಯದಿದ್ದರೆ, ಕಲ್ಲಿನ ಸಂದಿಗೆ ಕೈ ಹಾಕದಿದ್ದರೆ ಹೆದರುವ ಅಗತ್ಯವಿಲ್ಲ. ಚಪ್ಪಲಿ ಬೇಡ, ಬೂಟು ಹಾಕಿಸಿ. ಜಾಲಿ ಮುಳ್ಳು ಚಪ್ಪಲಿಯನ್ನು ದಾಟಿ ಬರುತ್ತದೆ. ಉದ್ದ ಪ್ಯಾಂಟು ಇರಲಿ, ದನ ಓಡಾಡುವ ಹುಲ್ಲಿನಲ್ಲಿ ಉಣ್ಣಿ ಹತ್ತುತ್ತವೆ. ಮನೆಗೆ ಬಂದು ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳಲ್ಲಿ ಒಮ್ಮೆ ನೋಡಿ. ಹಾವಿಗಿಂತ ನನಗೆ ಜಾಸ್ತಿ ಚಿಂತೆ ಕಂದಕದ್ದು. ಅದರ ಅಂಚಿಗೆ ಹೋದಾಗ ಸಣ್ಣವನ ಕೈ ಬಿಡಲೇಬೇಡಿ.

ಬೆಟಗೇರಿ ಅಪ್ಪ

ಅಕ್ಕೋರು ಚೆನ್ನಾಗಿ ಬರೆದಿದ್ದಾರೆ. ನನ್ನ ಮಗನಿಗೆ ಐದು ವರ್ಷ. ಚಳಿಗಾಲಕ್ಕೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನೂ ನೆನಪಿನಲ್ಲಿ ಇಟ್ಟುಕೊಳ್ಳಿ. ಶಿರಹಟ್ಟಿ ತಾಲೂಕು, ಗದಗಿನಿಂದ ಸುಮಾರು 26 ಕಿ.ಮೀ. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು.

ನವೆಂಬರ್ ಹೊತ್ತಿಗೆ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ನಮ್ಮ ಕೆರೆಯಲ್ಲಿ ಬಂದು ಕೂರುತ್ತದೆ ಅಂದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಬೆಳ್ಳನೆ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಮಕ್ಕಳೂ ಸುಲಭವಾಗಿ ಗುರುತು ಹಿಡಿಯುತ್ತಾರೆ. ಹೊಲಕ್ಕೆ ಮೇಯಲು ಹೋಗಿ ಗುಂಪು ಗುಂಪಾಗಿ ಕೆರೆಗೆ ವಾಪಸ್ ಬರುತ್ತವೆ. ಆ ಸದ್ದಿಗೆ ನನ್ನ ಮಗ ಚಪ್ಪಾಳೆ ತಟ್ಟುತ್ತಾನೆ. ಡಿಸೆಂಬರ್, ಜನವರಿ ಒಳ್ಳೆಯ ಸಮಯ. ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತವೆ. ನೆರಳು ಕಡಿಮೆ, ಟೋಪಿ ಬೇಕು. ನೀರಿನ ಅಂಚು, ಸಣ್ಣ ಮಕ್ಕಳ ಮೇಲೆ ಕಣ್ಣಿರಲಿ.

ಇನ್ನೊಂದು. ಮೊಬೈಲಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಂಡರೆ ಕೂಗು ಕೇಳಿ ಯಾವ ಹಕ್ಕಿ ಅಂತ ಹೇಳುತ್ತದೆ. ಬಂಕಾಪುರದಲ್ಲಿ ನವಿಲು ಕಾಣದಿದ್ದರೆ ಅದರ ಕೂಗನ್ನೇ ಮೊಬೈಲಿನಲ್ಲಿ ಹಾಕಿ, ಉತ್ತರ ಕೊಡುತ್ತಾ ಹೊರಗೆ ಬರುತ್ತವೆ. ಮಕ್ಕಳಿಗೆ ಒಂದು ದುರ್ಬೀನು ಕೊಡಿಸಿ.

ಶಿಗ್ಗಾವಿ ಅಕ್ಕೋರು

ತಮ್ಮಾ, ಮಾಗಡಿಯ ಮಾತಿಗೆ ನನ್ನದೂ ಹೂಂ. ಆದರೆ ಕೂಗು ಹಾಕಿ ಕರೆಯುವುದು ಬೇಡ. ಇದು ಜೋಡಿಯಾಗುವ ಕಾಲ ಅಲ್ವಾ? ಇನ್ನೊಂದು ಗಂಡು ತನ್ನ ಜಾಗಕ್ಕೆ ಬಂದಿದೆ ಅಂತ ಅದು ತಿಳಿಯುತ್ತದೆ. ಮೇಯುವುದನ್ನು, ಹೆಣ್ಣಿನ ಎದುರು ಗರಿ ಬಿಚ್ಚುವುದನ್ನು ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತದೆ. ಒಂದೇ ಬೆಳಿಗ್ಗೆ ಹತ್ತು ಮನೆಯವರು ಬಂದು ಹತ್ತು ಸಲ ಹಾಕಿದರೆ ಅದರ ಪಾಡು ಏನು? ಆ ಆ್ಯಪ್ ಕೇಳಿಸಿಕೊಂಡು ಹೆಸರು ಹೇಳುವುದಾದರೆ ನನ್ನ ತಕರಾರಿಲ್ಲ. ಅದೂ ಮನೆಗೆ ಬಂದ ಮೇಲೆ ನೋಡಿದರೆ ಚಂದ. ಅಲ್ಲಿ ಮೊಬೈಲು ಹೊರಗೆ ಬಂದರೆ ಮಕ್ಕಳ ಕಣ್ಣು ಮರದಿಂದ ಪರದೆಗೆ ಇಳಿಯುತ್ತದೆ.

ದುರ್ಬೀನು ನಿಮ್ಮ ಮಗನಿಗೆ ಇನ್ನೇನು ಒಗ್ಗುವ ವಯಸ್ಸು. ಮೂರು ವರ್ಷದ ಮಗುವಿಗೆ ಎರಡೂ ಕಣ್ಣು ಒಂದೇ ಕಡೆ ಹೊಂದಿಸುವುದು ಕಷ್ಟ, ಬರೀ ಜಗಳಕ್ಕೆ ಕಾರಣ. ಎರಡು ಮುಷ್ಟಿ ಸುತ್ತಿ ಕಣ್ಣಿಗೆ ಹಿಡಿದುಕೊಳ್ಳಲು ಹೇಳಿದರೆ ಸಾಕು, ಆಚೀಚೆ ಕಾಣುವುದು ಮರೆಯಾಗಿ ನೋಟ ಒಂದೇ ಕಡೆ ನಿಲ್ಲುತ್ತದೆ.

ದೂರದ್ದಕ್ಕಿಂತ ಅವರಿಗೆ ನೆಲದ ಮೇಲಿನದ್ದೇ ಹತ್ತಿರ. ವಿದ್ಯಾನಗರದ ತಂಗಿಗೆ ಇದನ್ನು ಹೇಳಲು ಬಿಟ್ಟಿದ್ದೆ. ಮಿರಗ ಮಳೆ ಬಿದ್ದ ಮೇಲೆ ಕೆಂಪು ಮಖಮಲ್ಲಿನ ಹುಳು ಹೊರಗೆ ಬರುತ್ತದೆ. ಕಂಡರೆ ಮಗಳಿಗೆ ಕಾಲು ಎಣಿಸಲು ಹೇಳಿ. ಎಂಟು ಕಾಲು, ಅದು ಜೇಡನ ಬಳಗ. ಒಣ ಮಣ್ಣು ಇರುವ ಕಡೆ, ಗೋಡೆಯ ಬುಡದಲ್ಲಿ, ಆಲಿಕೆಯಂಥ ಸಣ್ಣ ಸಣ್ಣ ಗುಂಡಿ ಕಾಣುತ್ತವೆ. ತಳದಲ್ಲಿ ಒಂದು ಹುಳು ಮಣ್ಣಿನೊಳಗೆ ಅಡಗಿ ಕೂತಿರುತ್ತದೆ. ಇರುವೆ ಜಾರಿ ಬಿದ್ದರೆ ಕೆಳಗಿನಿಂದ ಮಣ್ಣು ಎರಚಿ ಹಿಡಿದುಕೊಳ್ಳುತ್ತದೆ. ನನ್ನ ಮೊಮ್ಮಗ ಒಂದು ಸಲ ಅದರ ಮುಂದೆ ಕೂತವನು ನವಿಲು ಕೂಗಿದರೂ ತಲೆ ಎತ್ತಲಿಲ್ಲ. ನಾನು ಎಬ್ಬಿಸಲೂ ಇಲ್ಲ. ನವಿಲು ನೋಡಲು ಬಂದವನು ಹುಳು ನೋಡಿ ಹೋದರೆ ನಷ್ಟವೇನೂ ಇಲ್ಲ ಅಂತ ನಾನು ನಂಬಿದವಳು. ಮಗು ಎಲ್ಲಿ ಕೂರುತ್ತದೋ ನೀವೂ ಅಲ್ಲೇ ಕೂರಿ.

ಕೆಸರಿದ್ದರೆ ಇನ್ನೂ ಒಳ್ಳೆಯದು. ನವಿಲಿನ ಹೆಜ್ಜೆ ಮೂಡಿರುತ್ತದೆ, ಮುಂದೆ ಮೂರು ಬೆರಳು, ಹಿಂದೆ ಒಂದು. ಪಕ್ಕದಲ್ಲಿ ಮಗನ ಬೂಟಿನ ಗುರುತು ಮೂಡಿಸಿ ಅಳತೆ ನೋಡಲಿ.

ರಾಣೆಬೆನ್ನೂರು ಹಾದಿ

ನಮ್ಮ ಕಡೆಯದನ್ನೂ ಒಂದು ಮಾತು ಹೇಳುತ್ತೇನೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು, 119 ಚದರ ಕಿ.ಮೀ. ಚಿಗರಿಯ ಹಿಂಡು ಜಿಗಿಯುತ್ತಾ ಹೋಗುವುದನ್ನು ಜೀವನದಲ್ಲಿ ಒಮ್ಮೆ ನೋಡಬೇಕು. ಆದರೆ ಮೂರು ವರ್ಷದ ಮಗುವಿಗೆ ಈಗಲೇ ಬೇಡ ಅನ್ನುತ್ತೇನೆ. ಜಾಗ ವಿಶಾಲ, ಪ್ರಾಣಿ ದೂರ. ಮೊದಲೇ ಅರಣ್ಯ ಇಲಾಖೆಯವರನ್ನು ವಿಚಾರಿಸಿ ಹೋಗಬೇಕು. ಸಣ್ಣವನು ಶಾಲೆಗೆ ಸೇರಲಿ, ಕಾದು ಕೂರುವುದನ್ನು ಬಂಕಾಪುರದಲ್ಲಿ ಕಲಿತಿರುತ್ತಾನೆ, ಆಗ ಬನ್ನಿ. ಕೊಂಬಿರುವ ಕಪ್ಪು ಗಂಡು, ಕೊಂಬಿಲ್ಲದ ಕಂದು ಹೆಣ್ಣು, ಎರಡನ್ನೂ ತಾನೇ ಬೇರೆ ಮಾಡಿ ಹೇಳುತ್ತಾನೆ.

ವಿದ್ಯಾನಗರದ ಅಮ್ಮ

ಅಕ್ಕೋರ, ಎಷ್ಟು ಸಮಾಧಾನದಿಂದ ಬರೆದಿದ್ದೀರಿ! ಮಗಳಿಗೆ ಓದಿ ಹೇಳಿದೆ. "ಅವ್ವ ನವಿಲು ಮೊಟ್ಟೆ ಕಾಯುತ್ತೆ" ಅಂತ ಈಗಲೇ ತಮ್ಮನಿಗೆ ತಾಕೀತು ಮಾಡುತ್ತಿದ್ದಾಳೆ. ಬೆಟಗೇರಿ ಅಣ್ಣಾ, ರಾಣೆಬೆನ್ನೂರಿನವರೇ, ನಿಮಗೂ ಧನ್ಯವಾದ. ಮಾಗಡಿಗೆ ಡಿಸೆಂಬರಿನಲ್ಲಿ ಖಂಡಿತ ಬರುತ್ತೇವೆ.

ಇನ್ನು ಮೂರು ಪ್ರಶ್ನೆ ಉಳಿದಿವೆ. ಗರಿ ಬಿದ್ದಿದ್ದರೆ ಮನೆಗೆ ತರಬಹುದಾ ಅಂತ ಮಗಳು ಕೇಳುತ್ತಿದ್ದಾಳೆ, ಪುಸ್ತಕದೊಳಗೆ ಇಡಲು. ಯಜಮಾನರಿಗೆ ಆ ಭಾನುವಾರ ಕೆಲಸ ಬಿದ್ದರೆ ನಾವೇ ಬಸ್ಸಿನಲ್ಲಿ ಹೋಗಲು ಆಗುತ್ತದಾ? ಅತ್ತೆಯವರು ಎಷ್ಟು ನಡೆಯಬೇಕಾಗುತ್ತದೆ?

ಶಿಗ್ಗಾವಿ ಅಕ್ಕೋರು

ಗರಿಯ ಆಸೆ ಯಾವ ಮಗುವಿಗೆ ಇಲ್ಲ ಹೇಳಿ. ಸಿಕ್ಕರೆ ಕೈಗೆ ಎತ್ತಿಕೊಳ್ಳಲಿ, ಸಾವಕಾಶವಾಗಿ ನೋಡಲಿ. ಬಿಸಿಲು ಮೇಲೆ ಬೀಳುವ ಹಾಗೆ ಹಿಡಿದರೆ ನೀಲಿ, ಹಸಿರು ಹೊಳೆಯುತ್ತದೆ. ಅದೇ ಗರಿಯನ್ನು ಬೆಳಕಿಗೆ ಅಡ್ಡ ಹಿಡಿದು ಹಿಂದಿನಿಂದ ನೋಡಿದರೆ ಬರೀ ಕಂದು. ಗರಿಯಲ್ಲಿ ನೀಲಿ ಬಣ್ಣ ಅನ್ನುವುದು ಇಲ್ಲವೇ ಇಲ್ಲ. ಅದರ ಎಳೆಯ ಒಳಗಿನ ತೀರಾ ಸೂಕ್ಷ್ಮ ಜೋಡಣೆಗೆ ಬೆಳಕು ಬಡಿದು ವಾಪಸ್ ಬರುವಾಗ ಆ ಬಣ್ಣ ಕಾಣುತ್ತದೆ. ಇದನ್ನು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಗರಿ ಅಲ್ಲೇ ಇಟ್ಟು ಬರಲಿ. 1963ರಿಂದ ನಮ್ಮ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇರುವ ಹಕ್ಕಿ, ಆದರೂ ಗರಿಗಾಗಿ ಅದನ್ನು ಕೊಲ್ಲುವವರು ಇದ್ದಾರೆ. ಕೊಳ್ಳುವವರು ಇರುವ ತನಕ ಕೀಳುವವರೂ ಇರುತ್ತಾರೆ. ಮಗಳಿಗೆ ಇಷ್ಟೆಲ್ಲ ಹೇಳಬೇಕಿಲ್ಲ. "ನಾಳೆ ಬರುವ ಮಗುವಿಗೂ ಸಿಗಲಿ" ಅನ್ನಿ, ಒಪ್ಪುತ್ತಾಳೆ. ಮನೆಗೆ ಬಂದು ಗರಿಯ ಚಿತ್ರ ಬರೆಯಲಿ, ನೆನಪಿನಿಂದಲೇ.

ಬಸ್ಸಿಗೆ ತೊಂದರೆಯೇ ಇಲ್ಲ. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ಬಸ್ಸು ಹೆದ್ದಾರಿಯಲ್ಲೇ ಬರುತ್ತವೆ, ಹತ್ತುವ ಮೊದಲು ಬಂಕಾಪುರದಲ್ಲಿ ನಿಲ್ಲಿಸುತ್ತೀರಾ ಅಂತ ಕಂಡಕ್ಟರರನ್ನು ಕೇಳಿಕೊಳ್ಳಿ. ಹೆದ್ದಾರಿಯಲ್ಲಿ ಇಳಿದರೆ ಅಲ್ಲಿಂದ ಒಳಗೆ ಆಟೋ ಹಿಡಿಯಿರಿ, ಮಕ್ಕಳನ್ನು ನಡೆಸಬೇಡಿ. ಅವರ ಕಾಲಿನ ಕಸುವು ಕೋಟೆಯೊಳಗೆ ಬೇಕು. ಶಕ್ತಿ ಯೋಜನೆಯಲ್ಲಿ ನಿಮಗೆ, ಅತ್ತೆಯವರಿಗೆ, ಮಗಳಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಇಟ್ಟುಕೊಳ್ಳಿ. ಮಗನಿಗೆ ಆರು ತುಂಬಿಲ್ಲ, ಅವನಿಗೂ ಇಲ್ಲ.

ಅತ್ತೆಯವರು ಎಲ್ಲ ಕಡೆ ಬರಬೇಕಿಲ್ಲ. ಮೊದಲು ಚಾದರ ಹಾಸಿದ ಜಾಗದಲ್ಲೇ ಕೂರಲಿ. ಒಂದು ಮಡಚುವ ಕುರ್ಚಿ ಒಯ್ದರೆ ಇನ್ನೂ ಒಳ್ಳೆಯದು, ನೆಲದಿಂದ ಏಳುವುದು ಅವರಿಗೆ ಕಷ್ಟ. ಅಲುಗಾಡದೆ ಕೂತವರಿಗೆ ನವಿಲು ಹತ್ತಿರ ಬರುವ ಸಂಭವ ಜಾಸ್ತಿ. ಸಣ್ಣವನು ಸುಸ್ತಾಗಿ ಅಜ್ಜಿಯ ತೊಡೆಗೇ ಬರುತ್ತಾನೆ, ಅವರಿಗೂ ಹೊತ್ತು ಹೋಗುತ್ತದೆ. ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಅವರು ನೋಡಬೇಕು ಅಂದರೆ ಸಾವಕಾಶ ಕರೆದೊಯ್ಯಿರಿ. ನಮ್ಮ ಜನ ಅದನ್ನು ಅರವತ್ತು ಕಂಬದ ಗುಡಿ ಅನ್ನುತ್ತಾರೆ. ಗುಡಿ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ, ಇಳಿಯುವಾಗ ಕೈ ಹಿಡಿದುಕೊಳ್ಳಿ. ಒಳಗೆ ತಂಪು. ಕಡೆದ ಕಂಬಗಳ ಮೈ ಎಷ್ಟು ನುಣುಪು ಅಂದರೆ ಮಕ್ಕಳು ತಮ್ಮ ಮುಖ ಹುಡುಕುತ್ತಾರೆ.

ಬುತ್ತಿ ಒಣಗಿದ್ದೇ ಇರಲಿ. ರೊಟ್ಟಿ, ಶೇಂಗಾ ಚಟ್ನಿ, ಸವತೆಕಾಯಿ, ಮಗನಿಗೆ ಮೊಸರನ್ನ. ಕವರಿನ ತಿಂಡಿ ಬೇಡ. ತಿನ್ನುವುದು ಕೋಟೆಯ ಹೊರಗೆ ಬಂದ ಮೇಲೆ. ಶೌಚಾಲಯದ ಕೆಲಸ ಹೆದ್ದಾರಿಯ ಹೋಟೆಲಿನಲ್ಲೇ ಮುಗಿಸಿಕೊಂಡು ಬನ್ನಿ, ಸಣ್ಣವನಿಗೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ. ಹಿಂದಿನ ರಾತ್ರಿ ಜೋರು ಮಳೆ ಬಂದಿದ್ದರೆ ಅವತ್ತು ಬಿಟ್ಟು ಮುಂದಿನ ಭಾನುವಾರ ಇಟ್ಟುಕೊಳ್ಳಿ. ಕಲ್ಲು ಜಾರುತ್ತವೆ, ಅತ್ತೆಯವರ ಮೊಣಕಾಲಿಗೆ ಒಳ್ಳೆಯದಲ್ಲ. ಬರೀ ತುಂತುರು ಇದ್ದರೆ ಕೊಡೆ ಹಿಡಿದು ಹೊರಟುಬಿಡಿ.

ವಿದ್ಯಾನಗರದ ಅಮ್ಮ

ಆಯ್ತು ಅಕ್ಕೋರ, ಕುರ್ಚಿ ಮನೆಯಲ್ಲೇ ಇದೆ. ಈ ಭಾನುವಾರ ಮೊದಲ ಬಸ್ಸಿಗೇ ಹೊರಡುತ್ತೇವೆ. ಅಲ್ಲಿ ಮಕ್ಕಳು ಏನೇನು ನೋಡಿದರು ಅಂತ ಮಗಳ ಕೈಯಲ್ಲೇ ಹೇಳಿಸಿ ಇಲ್ಲಿ ಬರೆಯುತ್ತೇನೆ.